ಸೀಗೆ ಕಾವಲಿನ ಇನ್ನೂರ ಹನ್ನೆರಡು ಮನೆಗಳು

ಮುಂದಿನ ಇಪ್ಪತ್ತು ವರ್ಷದಲ್ಲಿ ಎಲ್ಲೆಲ್ಲಿ ಮನೆ ಏಳುತ್ತವೆ ಎಂದು ಹೇಳುವುದು ಅಕ್ಷತಾಳ ಕೆಲಸ. ಕವಡೆ ಹಾಕಿ ಭವಿಷ್ಯ ಹೇಳುವವರಿಗಿರುವ ಮರ್ಯಾದೆ ಈ ಕೆಲಸಕ್ಕಿಲ್ಲ. ಮಗಳು ಏನು ಮಾಡ್ತಾಳೆ ಅಂತ ಮರಳೂರಿನ ಅಕ್ಕಪಕ್ಕದವರು ಕೇಳಿದರೆ ಅವಳ ತಾಯಿ, “ಕಂಪ್ಯೂಟರಲ್ಲಿ ಮ್ಯಾಪಿಗೆ ಬಣ್ಣ ಹಚ್ತಾಳೆ” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಎರಡು ವರ್ಷ ಎಂ.ಎಸ್ಸಿ. ಓದಿ ಕಣ್ಣಿಗೆ ಕನ್ನಡಕ ಬರಿಸಿಕೊಂಡ ಮಗಳಿಗೆ ಇದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಹಾಗಂತ ಅಮ್ಮ ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ.

ತುಮಕೂರಿನಲ್ಲಿ ರೇಣುಕಾಪ್ರಸಾದ್ ಎಂಬುವರು ನಡೆಸುತ್ತಿದ್ದ ಆರೇ ಜನರ ಖಾಸಗಿ ಕಚೇರಿ ಅದು. ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಕಾಡಂಚು, ಗೋಮಾಳ, ಕಾವಲು ಇವುಗಳಲ್ಲಿ ಯಾವುದು ಹುಲ್ಲಾಗಿಯೇ ಉಳಿಯುತ್ತದೆ, ಯಾವುದು ಊರಾಗುತ್ತದೆ ಎಂದು ಲೆಕ್ಕ ಹಾಕಿ ಜಿಲ್ಲೆಯ ಅಧಿಕಾರಿಗಳಿಗೆ ನಕ್ಷೆ ಕೊಡುವ ಕೆಲಸ ಅವರ ಪಾಲಿಗೆ ಬಂದಿತ್ತು. ಲೆಕ್ಕದ ದಾರಿ ಸರಳ. ಆಕಾಶದಿಂದ ತೆಗೆದ ಎರಡು ಚಿತ್ರ, ಒಂದು 2016ರದ್ದು, ಇನ್ನೊಂದು 2024ರದ್ದು. ಈ ಎಂಟು ವರ್ಷದಲ್ಲಿ ಹೊಸದಾಗಿ ಎಲ್ಲಿ ಚಾವಣಿ ಕಂಡಿತು, ಆ ಜಾಗ ರಸ್ತೆಗೆ ಎಷ್ಟು ದೂರ, ಕರೆಂಟ್ ಕಂಬಕ್ಕೆ ಎಷ್ಟು ದೂರ, ನೆಲ ಇಳಿಜಾರೋ ಸಮವೋ ಎಂಬುದನ್ನೆಲ್ಲ ಕಂಪ್ಯೂಟರ್ ಕಲಿತುಕೊಳ್ಳುತ್ತದೆ. ಕಲಿತ ಮೇಲೆ 2044ಕ್ಕೆ ಭವಿಷ್ಯ ನುಡಿಯುತ್ತದೆ. ಮನೆ ಬರುವ ಜಾಗಕ್ಕೆ ಕೆಂಪು, ಬಾರದ ಜಾಗಕ್ಕೆ ಹಸಿರು.

ಬಣ್ಣ ಬರೀ ಬಣ್ಣವಾಗಿದ್ದರೆ ಚಿಂತೆ ಇರಲಿಲ್ಲ. ಹೇಗಿದ್ದರೂ ಊರಾಗುವ ಜಾಗ ಎಂದು ಕೆಂಪು ಬಿದ್ದಲ್ಲಿ ಮೊದಲು ಬಡಾವಣೆಗೆ ಜಾಗ ಗುರುತಿಸಬೇಕು, ಹಸಿರನ್ನು ಮೇವಿಗೆ ಬಿಡಬೇಕು ಎಂದು ಮೇಲಿನವರು ಆಗಲೇ ತೀರ್ಮಾನಿಸಿದ್ದರು. ಅಕ್ಷತಾ ಒಬ್ಬಳೇ ಮಾಡಿದ ಮೊದಲ ನಕ್ಷೆ ಅದು, ಸೋಮವಾರ ಮೀಟಿಂಗಿಗೆ ಹೋಗಬೇಕಿತ್ತು.

ಆ ನಕ್ಷೆಯಲ್ಲಿ ಎಲ್ಲರ ಕಣ್ಣು ಮೊದಲು ಬೀಳುತ್ತಿದ್ದುದು ಸೀಗೆ ಕಾವಲಿನ ಮೇಲೆ. ಹಾಗಲವಾಡಿ ದಾಟಿ ಒಳಗೆ ಹೋದರೆ ಸಿಗುವ ಸೀಗೆಹಟ್ಟಿ ಎಂಬ ಊರಿನ ಪಕ್ಕದ ನೂರ ನಲವತ್ತು ಎಕರೆ ಹುಲ್ಲಿನ ಬಯಲು. ಅಜ್ಜಂದಿರ ಕಾಲದಿಂದ ದನ ಕುರಿ ಮೇಯುವ ಜಾಗ. 2016ರ ಚಿತ್ರದಲ್ಲಿ ಅಲ್ಲಿ ಒಂದೂ ಚಾವಣಿ ಇಲ್ಲ. 2024ರ ಚಿತ್ರದಲ್ಲಿ ಇನ್ನೂರ ಹನ್ನೆರಡು! ಮೂರು ತಾಲ್ಲೂಕಿನಲ್ಲಿ ಎಲ್ಲಿಯೂ ಮನೆಗಳು ಈ ಪಾಟಿ ಎದ್ದಿರಲಿಲ್ಲ. ಹೀಗಾಗಿ 2044ರ ಸೀಗೆ ಕಾವಲು ಪೂರಾ ಕೆಂಪು.

“ಇಡೀ ರಿಪೋರ್ಟಿಗೆ ಇದೇ ಹೂರಣ ಕಣಮ್ಮ” ಎಂದು ರೇಣುಕಾಪ್ರಸಾದ್ ಕೈ ಉಜ್ಜಿಕೊಂಡರು. “ಯಾರ ಗಮನಕ್ಕೂ ಬರದೆ ಒಂದು ಊರೇ ಎದ್ದುಬಿಟ್ಟಿದೆ. ನಾವು ಕಂಡುಹಿಡಿದಿದೀವಿ.”

ಅಕ್ಷತಾಗೆ ಒಂದು ಸಣ್ಣ ಅನುಮಾನ ಇತ್ತು. ಅವಳ ಕಂಪ್ಯೂಟರ್ ಸೀಗೆ ಕಾವಲಿನಿಂದ ಕಲಿತ ಪಾಠ ವಿಚಿತ್ರವಾಗಿತ್ತು. ರಸ್ತೆ ಇಲ್ಲದ, ಕರೆಂಟ್ ಇಲ್ಲದ, ಜಾಲಿ ಮುಳ್ಳಿನ ಬಯಲು ಎಂದರೆ ಜನ ಮನೆ ಕಟ್ಟಲು ಮುಗಿಬೀಳುತ್ತಾರೆ ಎಂದು ಅದು ನಂಬಿಬಿಟ್ಟಿತ್ತು. ಅದರ ಪ್ರಕಾರ ಕುಣಿಗಲ್ ಕಡೆಯ ಕುರುಚಲು ಕಾಡಿನ ಅಂಚೆಲ್ಲ ಕೆಂಪು, ಬಸ್ಸಿನ ಮೇಲೆ ಬಸ್ಸು ಓಡಾಡುವ ಹೆಬ್ಬೂರಿನ ರಸ್ತೆ ಬದಿ ಹಸಿರು. ಮರಳೂರಿನಲ್ಲಿ ಅವಳ ಮನೆ ಪಕ್ಕದ ಸೈಟಿನಲ್ಲಿ ಇಪ್ಪತ್ತು ವರ್ಷ ಮನೆ ಏಳುವುದಿಲ್ಲ ಎಂದೂ ಅದು ಹೇಳಿತು. ಅಲ್ಲಿ ಅವತ್ತು ಬೆಳಿಗ್ಗೆ ಎರಡನೇ ಮಹಡಿಗೆ ಮೋಲ್ಡ್ ಹಾಕುತ್ತಿದ್ದರು.

“ಕಂಪ್ಯೂಟರ್ ಏನು ನಿಮ್ಮ ಪಕ್ಕದ ಮನೆಯೋರನ್ನ ಕೇಳ್ಕೊಂಡು ಹೇಳುತ್ತಾ?” ಎಂದು ರೇಣುಕಾಪ್ರಸಾದ್ ನಕ್ಕರು. “ಗುರುವಾರ ಸೀಗೆಹಟ್ಟಿಗೆ ಹೋಗಿ ಆ ಮನೆಗಳ ಎರಡು ಒಳ್ಳೆ ಫೋಟೋ ತಕ್ಕೊಂಡು ಬಾ. ರಿಪೋರ್ಟಿನ ಮೇಲೆ ಹಾಕೋಣ.”

ಗುಬ್ಬಿಗೆ ಒಂದು ಬಸ್ಸು, ಹಾಗಲವಾಡಿಗೆ ಇನ್ನೊಂದು, ಅಲ್ಲಿಂದ ಆಟೊ. ಆಟೊದಿಂದ ಇಳಿದು ಫೋನಿನ ನಕ್ಷೆ ತೋರಿಸಿದ ಹಾಗೆ ನಡೆದು ಅಕ್ಷತಾ ಬಯಲಿನ ನಡುವೆ ನಿಂತಳು. ನಾಲ್ಕೂ ಕಡೆ ಮೊಣಕಾಲುದ್ದ ಹುಲ್ಲು. ಅಲ್ಲಲ್ಲಿ ಸೀಗೆ ಮೆಳೆ, ಬಂಡೆ, ಒಂದಷ್ಟು ಕುರಿ. ಇನ್ನೂರ ಹನ್ನೆರಡು ಮನೆ ಹಾಗಿರಲಿ, ಒಂದು ಕೋಳಿಗೂಡೂ ಇರಲಿಲ್ಲ. ಅವಳು ಫೋನ್ ಆರಿಸಿ ಮತ್ತೆ ಹಚ್ಚಿದಳು. ನೀನು ನಿಂತಿರುವುದು ಊರಿನ ನಟ್ಟನಡುವೆ ಎಂದೇ ಅದು ಹೇಳಿತು.

ಕುರಿ ಕಾಯುತ್ತಿದ್ದ ಅರವತ್ತರ ಹೆಂಗಸೊಬ್ಬಳು ಕೋಲೂರಿಕೊಂಡು ಇವಳನ್ನೇ ನೋಡುತ್ತಿದ್ದಳು. ಹೆಸರು ಓಬಳಮ್ಮ.

“ಅಮ್ಮಾ, ಇಲ್ಲಿದ್ದ ಮನೆಗಳೆಲ್ಲ ಎಲ್ಲಿ ಹೋದ್ವು?”

“ಮನೆನಾ? ಇಲ್ಲಾ?” ಓಬಳಮ್ಮ ಸುತ್ತ ಒಂದು ಸಲ ನೋಡಿದಳು. “ಯಾವೂರವ್ವಾ ನಿಂದು? ಬಿಸ್ಲಲ್ಲಿ ಬಂದಿದೀಯ, ಕುಂತ್ಕೊ. ವಸಿ ನೀರು ಕುಡಿ.”

ನೀರು ಕುಡಿದು ಅಕ್ಷತಾ ಫೋನಿನಲ್ಲಿ ಚಿತ್ರ ತೋರಿಸಿದಳು. ಓಬಳಮ್ಮ ಅದನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ಆಮೇಲೆ ಕಾವಲೆಲ್ಲ ಕೇಳುವ ಹಾಗೆ ನಗಲು ಶುರು ಮಾಡಿದಳು.

“ಅಯ್ಯೋ ನನ್ನವ್ವಾ! ಇದು ನಮ್ಮ ಹೊರಬೀಡು ಕಣೇ! ಇಕಾ, ಈ ನೀಲಿ ಟಾರ್ಪಾಲು ನಮ್ದೇಯ. ಈ ಮೂಲೆ ಹರುದಿತ್ತು, ನೋಡು, ಹರುದಿರೋದೂ ಕಾಣ್ತೈತೆ!”

ಸೀಗೆಹಟ್ಟಿಯಲ್ಲಿ ಐದು ವರ್ಷಕ್ಕೊಮ್ಮೆ ಒಂದು ಮಂಗಳವಾರ ಊರಿಗೆ ಊರೇ ಮನೆ ಬಿಡುತ್ತದೆ. ಊರಿಗೆ ಅಂಟಿದ ಕೇಡೆಲ್ಲ ತೊಲಗಲಿ ಅಂತ, ಹೊತ್ತು ಮೂಡುವ ಮೊದಲು ಮಕ್ಕಳು ಮರಿ, ದನ ಕರು, ನಾಯಿ ಕೋಳಿ ಎಲ್ಲವನ್ನೂ ಹೊರಡಿಸಿಕೊಂಡು ಕಾವಲಿಗೆ ಬಂದು, ಟಾರ್ಪಾಲು, ತಗಡು, ತೆಂಗಿನ ಗರಿ ಕಟ್ಟಿ ಬಿಡಾರ ಹೂಡುತ್ತಾರೆ. ಊರಬಾಗಿಲಿಗೆ ಮುಳ್ಳು ಜಡಿಯುತ್ತಾರೆ. ಅವತ್ತು ಊರೊಳಗೆ ಒಂದು ನರಪಿಳ್ಳೆ ಇರಬಾರದು, ಯಾವ ಒಲೆಯೂ ಹೊಗೆಯಾಡಬಾರದು. ಅಡಿಗೆ, ಊಟ, ಊರಮ್ಮನ ಪೂಜೆ ಎಲ್ಲ ಬಯಲಲ್ಲೇ. ಸಂಜೆ ಬಿಡಾರ ಕಿತ್ತು ಊರಿಗೆ ಮರಳಿ ಹೊಸ ಬೆಂಕಿ ಹಚ್ಚಿದರೆ ಮುಗಿಯಿತು. ಹೋದ ಹೊರಬೀಡು ಆಗಿದ್ದು ಎರಡು ವರ್ಷದ ಹಿಂದೆ, 2024ರ ಫೆಬ್ರವರಿ ಹದಿಮೂರು. ಆಕಾಶದಿಂದ ಚಿತ್ರ ತೆಗೆದದ್ದೂ ಅವತ್ತೇ, ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ. ಐದು ವರ್ಷಕ್ಕೊಂದು ದಿನ ಬರುವ ಊರಿನ ಫೋಟೋ ಹಿಡಿದು ಅಕ್ಷತಾಳ ಕಂಪ್ಯೂಟರ್ ಇಪ್ಪತ್ತು ವರ್ಷದ ಭವಿಷ್ಯ ನುಡಿದಿತ್ತು.

ಅಕ್ಷತಾಗೆ ನಗು ಬಂತು, ಅದರ ಬೆನ್ನಿಗೇ ನಕ್ಷೆಯ ಕೆಂಪು ನೆನಪಾಯಿತು. ಈ ಹುಲ್ಲನ್ನೆಲ್ಲ ಸೋಮವಾರ ಬಡಾವಣೆಗೆ ಬರೆದುಕೊಡಲು ಹೊರಟಿದ್ದವಳು ತಾನೇ. ಅದನ್ನು ಓಬಳಮ್ಮನಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು. ಓಬಳಮ್ಮನ ನಗು ನಿಂತಿತು.

“ಕಾವಲು ಹೋದ್ರೆ ನಮ್ಮ ಕುರಿ ಏನ್ ತಿಂತವೆ, ನಿನ್ನ ಫೋನಾ?” ಎಂದಳು. “ನಡಿ ಊರ್ಗೆ.”

ಊರಿನ ಅರಳಿಕಟ್ಟೆಯ ಮೇಲೆ ಆ ಚಿತ್ರ ಕೈಯಿಂದ ಕೈಗೆ ಹೋಯಿತು. ವಿಷಯ ಗಂಭೀರ ಅಂತ ಓಬಳಮ್ಮ ಬಾಯಿ ಬಡಿದುಕೊಂಡರೂ, ಮೊದಲ ಅರ್ಧ ಗಂಟೆ ಪ್ರತಿಯೊಬ್ಬರೂ ತಮ್ಮ ಬಿಡಾರ ಎಲ್ಲಿದೆ ಎಂದು ಹುಡುಕುವುದರಲ್ಲೇ ಕಳೆದರು. ಹೋದ ಹೊರಬೀಡಿನ ಒಂದು ಫೋಟೋವೂ ಸೀಗೆಹಟ್ಟಿಯವರ ಹತ್ತಿರ ಇರಲಿಲ್ಲ. 2019ರಲ್ಲಿ ಹುಡುಗರು ಪೂಜೆ ಬಿಟ್ಟು ಫೋನ್ ನೋಡುತ್ತ ಕೂತರೆಂದು ದೇವಸ್ಥಾನ ಸಮಿತಿಯವರು ಮುಂದಿನ ಸಲ ಊರಿನ ಫೋನುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿ ಬಾಯಿ ಕಟ್ಟಿಸಿದ್ದರು.

ಆ ಸಮಿತಿಯ ಅಧ್ಯಕ್ಷರು ಏಕಾಂತಯ್ಯ. ಎಪ್ಪತ್ತು ವರ್ಷ, ಹಣೆ ತುಂಬ ವಿಭೂತಿ, ನೇಮ ಎಂದರೆ ನೇಮ. ಹೋದ ಹೊರಬೀಡಿನಲ್ಲಿ ಅಣ್ಣಯ್ಯಪ್ಪ ಎಂಬುವನು ಮರೆತುಬಂದ ಎಲೆಅಡಿಕೆ ಚೀಲಕ್ಕೆಂದು ಮುಳ್ಳುಬೇಲಿ ಹಾರಿ ಸಿಕ್ಕಿಬಿದ್ದಾಗ ಇಪ್ಪತ್ತೈದು ತೆಂಗಿನಕಾಯಿ ದಂಡ ಹಾಕಿದ್ದವರು ಇವರೇ. ಅವತ್ತು ಯಾರೂ ಕದ್ದು ಒಳಗೆ ಹೋಗದಂತೆ ಊರ ಸುತ್ತ ಕಾವಲು ತಿರುಗುವ ಹಕ್ಕು ಅವರೊಬ್ಬರಿಗೆ ಮಾತ್ರ. ಅವರು ಬಂದು ಕನ್ನಡಕ ಏರಿಸಿ ಚಿತ್ರ ನೋಡಿದರು. ಕಾವಲು ನೋಡಿದರು, ಪೂಜೆಯ ಚಪ್ಪರ ನೋಡಿದರು, ಬೆರಳಿನಿಂದ ಚಿತ್ರ ಸರಿಸಿ ಊರಿನ ಕಡೆ ಬಂದರು. ಬೆರಳು ಅಲ್ಲೇ ನಿಂತಿತು.

“ಇದು ಹೊರಬೀಡಿಂದಲ್ಲ” ಎಂದು ಫೋನ್ ವಾಪಸ್ ಕೊಟ್ಟರು. “ನಮ್ದು ಆದದ್ದು ಮುಂದಿನ ಮಂಗಳವಾರ. ಇಪ್ಪತ್ತನೇ ತಾರೀಕು.”

“ಏನಂತೀರಾ ಯಜಮಾನ್ರೇ, ಹದಿಮೂರೇ ಅಲ್ವಾ? ನಾನು ದಂಡ ಕಟ್ಟಿದ್ದು ಮರ್ತೋಯ್ತದಾ ನಂಗೆ?” ಎಂದ ಅಣ್ಣಯ್ಯಪ್ಪ.

“ಸಮಿತಿ ಬುಕ್ಕು ನನ್ನತ್ರ ಐತೆ” ಎಂದು ಏಕಾಂತಯ್ಯ ಟವೆಲ್ ಕೊಡವಿ ಹೊರಟೇಬಿಟ್ಟರು. ಜನ ಒಬ್ಬರ ಮುಖ ಒಬ್ಬರು ನೋಡಿದರು.

ತುಮಕೂರಿಗೆ ಮರಳಿ ಅಕ್ಷತಾ ನಡೆದದ್ದನ್ನೆಲ್ಲ ಹೇಳಿದಾಗ ರೇಣುಕಾಪ್ರಸಾದ್ ತಲೆ ಹಿಡಿದುಕೊಂಡು ಕೂತರು. ಕೆಟ್ಟವರಲ್ಲ ಅವರು, ಹೂರಣ ಹೋದ ಹೋಳಿಗೆಯ ದುಃಖ ಅಷ್ಟೇ. “ಬರೀ ಬಯಲಿನ ಫೋಟೋ ತೋರಿಸಿದ್ರೆ ನಂಬಲ್ಲ ಕಣಮ್ಮ. ಸರ್ವೆಯೋರು ಬರ್ತಾರೆ ಅಂತ ಗೊತ್ತಾದ್ರೆ ಒತ್ತುವರಿ ಮಾಡಿರೋರು ರಾತ್ರೋರಾತ್ರಿ ಶೆಡ್ ಕೀಳಲ್ವಾ? ಹಂಗೇ ಕಿತ್ತಿದಾರೆ ಅಂತಾರೆ. ಅವತ್ತೇ ಹೊರಬೀಡು ಅಂತ ಸಮಿತಿಯೋರು ಬರ್ಕೊಡ್ಲಿ. ಇಲ್ದಿದ್ರೆ ನಕ್ಷೆ ಇದ್ದ ಹಂಗೇ ಹೋಗುತ್ತೆ.”

ಅಕ್ಷತಾ ತನ್ನ ಮೇಜಿಗೆ ಹೋಗಿ ಚಿತ್ರವನ್ನು ಪೂರ್ತಿ ದೊಡ್ಡದು ಮಾಡಿದಳು. ಏಕಾಂತಯ್ಯನವರ ಬೆರಳು ನಿಂತ ಜಾಗ ಹುಡುಕಿದಳು. ಹುಣಸೆಮರದ ಪಕ್ಕ ಒಂದು ಹೆಂಚಿನ ಮನೆ, ಅದರ ಹಿಂದೆ ಕೊಟ್ಟಿಗೆ. ಇನ್ನೂರು ಚಾವಣಿಯ ಖಾಲಿ ಊರಿನಲ್ಲಿ ಆ ಒಂದು ಹೆಂಚಿನ ಮೇಲೆ ಮಾತ್ರ ಬೆಳ್ಳಗೆ ಹೊಗೆ ಎದ್ದು ತೆಂಗಿನ ಮರದ ಕಡೆಗೆ ವಾಲಿತ್ತು.

ಅವಳಿಗೆ ಎಲ್ಲ ಅರ್ಥವಾಯಿತು: ಹೊಗೆಯಾಡಬಾರದ ದಿನ ಒಲೆ ಉರಿದದ್ದು ಅಧ್ಯಕ್ಷರ ಮನೆಯಲ್ಲೇ. ಊರಿನ ವಾಟ್ಸ್ಯಾಪ್ ಗುಂಪಿಗೆ ಚಿತ್ರದ ಆ ಚೂರು ಕಳಿಸಿದರೆ ಸಾಕಿತ್ತು, ಅಣ್ಣಯ್ಯಪ್ಪನೊಬ್ಬನೇ ಮುದುಕರನ್ನು ಮೂರು ದಿನ ಆಡಿಕೊಳ್ಳುತ್ತಿದ್ದ. ಮನಸ್ಸು ಒಂದು ಗಳಿಗೆ ಆ ಕಡೆ ಹೋದದ್ದೂ ನಿಜ. ಆದರೆ ಆ ಬೆರಳು ಅಲ್ಲೇ ನಿಂತುಬಿಟ್ಟದ್ದನ್ನು ಅವಳು ನೋಡಿದ್ದಳು. ಶನಿವಾರ ಮತ್ತೆ ಎರಡು ಬಸ್ಸು, ಒಂದು ಆಟೊ ಹಿಡಿದು ಸೀದಾ ಹುಣಸೆಮರದ ಪಕ್ಕದ ಮನೆಗೆ ಹೋದಳು.

ಏಕಾಂತಯ್ಯ ಒಬ್ಬರೇ ಜಗುಲಿಯಲ್ಲಿದ್ದರು. ಅಕ್ಷತಾ ಸುತ್ತಿ ಬಳಸಲಿಲ್ಲ.

“ಯಜಮಾನ್ರೇ, ಹೊಗೆ ನಾನೂ ನೋಡಿದೀನಿ. ಯಾರಿಗೂ ಹೇಳಿಲ್ಲ. ಕಾವಲಿನ ಭಾಗ ಮಾತ್ರ ಉಳಿಸ್ಕೊಂಡು ಊರಿನ ಭಾಗ ಕತ್ತರಿಸಿ ಕೊಡ್ತೀನಿ. ತಾರೀಕು ಮಾತ್ರ ನಿಜ ಬರ್ಕೊಡಿ, ಸಾಕು.”

ಅವರು ಕತ್ತು ತಿರುಗಿಸಿ ಹಿತ್ತಲ ಕಡೆ ನೋಡಿದರು. ಕೊಟ್ಟಿಗೆಯಲ್ಲಿ ದನ ಮೆಲುಕು ಹಾಕುವ ಸದ್ದು ಕೇಳುತ್ತಿತ್ತು.

“ಗಬ್ಬದ ಹಸ” ಎಂದರು. “ಬೆಳಗಿನ ಜಾವ ಹೊರಡ್ಸುವಾಗ ಬಾಗ್ಲಲ್ಲೇ ಕುಸುದ್ಬುಡ್ತು. ಕಾವಲಿನ ತಂಕ ಹೆಂಗವ್ವಾ ನಡಸ್ಲಿ? ಅಲ್ಲೇ ಬುಟ್ಟು ಹೋದೆ. ಪೂಜೆಗೆ ಕುಂತ್ರೂ ಕಿವಿ ಇತ್ಲಾಗೇ. ಬೇಲಿ ನೋಡ್ಕ ಬತ್ತೀನಿ ಅಂತ ಹೇಳಿ ಓಡ್ಬಂದೆ. ಹತ್ತು ಗಂಟೆಗೆ ಈಯ್ತು. ನೀರು ಕಾಯ್ಸಿ, ಬೂಸದ ಗಂಜಿ ಮಾಡಿ ಹುಯ್ದೆ. ಊರೋರಿಗೆ ಮಾರನೇ ದಿನ ಈಯ್ತು ಅಂತ ಸುಳ್ಳೇಳ್ದೆ.” ಟವೆಲಿನಿಂದ ಮುಖ ಒರೆಸಿಕೊಂಡರು. “ಎಲೆಅಡಿಕೆ ಚೀಲಕ್ಕೆ ದಂಡ ಹಾಕ್ದೋನು ನಾನು.”

ಪತ್ರ ಬರೆದು, ಸಮಿತಿಯ ಸೀಲು ಒತ್ತಿ ಕೊಟ್ಟರು. ಹದಿಮೂರನೇ ತಾರೀಕು ಎಂದೇ ಬರೆದಿದ್ದರು. ಅಕ್ಷತಾಗೆ ಸಂತೋಷವಾಯಿತು, ಜೊತೆಗೆ ಈ ಮುದುಕರನ್ನು ನೋಡಿ ಮರುಕವೂ ಆಯಿತು. ಮಾತು ಕೊಟ್ಟಂತೆ ಚಿತ್ರದಿಂದ ಊರನ್ನು ಕತ್ತರಿಸಿದಳು.

ಸೋಮವಾರ ಮೀಟಿಂಗಿನಲ್ಲಿ ಯೋಜನಾಧಿಕಾರಿ ಮೇಡಂ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಅಕ್ಷತಾ ತಪ್ಪು ತನ್ನದೇ ಎಂದು ಮೊದಲೇ ಒಪ್ಪಿಕೊಂಡು, ಸೀಗೆ ಕಾವಲನ್ನು ತೆಗೆದು ಹೊಸದಾಗಿ ಮಾಡಿದ ಲೆಕ್ಕ ತೋರಿಸಿದಳು. ಅದರಲ್ಲಿ ಹೆಬ್ಬೂರಿನ ರಸ್ತೆ ಬದಿ ಕೆಂಪಾಗಿತ್ತು, ಕುಣಿಗಲ್ಲಿನ ಕಾಡಂಚು ಹಸಿರಾಗಿತ್ತು, ಮರಳೂರಿನಲ್ಲಿ ಜನ ಮನೆ ಕಟ್ಟುತ್ತಾರೆ ಎಂಬುದು ಕಂಪ್ಯೂಟರಿಗೂ ತಿಳಿದಿತ್ತು. ಕೊನೆಯ ಸಾಲಿನ ಕುರ್ಚಿಗಳಲ್ಲಿ ಓಬಳಮ್ಮ, ಅಣ್ಣಯ್ಯಪ್ಪ ಮತ್ತು ಸೀಗೆಹಟ್ಟಿಯ ಹತ್ತಾರು ಜನ ಇಸ್ತ್ರಿ ಬಟ್ಟೆ ಹಾಕಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದರು. ಏಕಾಂತಯ್ಯ ಊರವರಿಂದ ಎರಡು ಕುರ್ಚಿ ದೂರದಲ್ಲಿ ಒಬ್ಬರೇ ಕೂತಿದ್ದರು.

ಮೇಡಂ ಪತ್ರವನ್ನು ಎರಡು ಸಲ ಓದಿದರು. “ಈ ಪತ್ರ ಬರೆದಿರೋದು ಮೊನ್ನೆ ಶನಿವಾರ. ಹುಲ್ಲು ಹೋಗುತ್ತೆ ಅಂದ್ರೆ ಯಾವ ಊರೋರಾದ್ರೂ ಇಂಥ ಪತ್ರ ಬರ್ಕೊಡ್ತಾರೆ. ಹೊರಬೀಡಿನ ಒಂದು ಫೋಟೋ ಇಲ್ಲ, ವಿಡಿಯೋ ಇಲ್ಲ. ಅವತ್ತೇ ಆಗಿದ್ದು ಅಂತ ನಾನು ಹೇಗೆ ನಂಬಲಿ?”

ಉತ್ತರ ಅಕ್ಷತಾಳ ಲ್ಯಾಪ್‌ಟಾಪಿನಲ್ಲೇ ಇತ್ತು, ಕತ್ತರಿಸಿ ತೆಗೆದ ತುಂಡಿನಲ್ಲಿ: ಒಂದೇ ಒಂದು ಮನೆ ಬಿಟ್ಟು ಎಲ್ಲೂ ಹೊಗೆಯಿಲ್ಲದ ಖಾಲಿ ಊರು. ಅವಳು ಅದನ್ನು ಮುಟ್ಟಲಿಲ್ಲ. ಕಾವಲು ಕೈತಪ್ಪುತ್ತದೆ ಎಂದು ಗೊತ್ತಿದ್ದೂ ಕೊಟ್ಟ ಮಾತು ಮುರಿಯಲು ಮನಸ್ಸು ಬರಲಿಲ್ಲ. ಹಿಂದೆ ಕುರ್ಚಿ ಸರಿದ ಸದ್ದಾಯಿತು.

“ತಾಯೀ, ಪೂರ್ತಿ ಚಿತ್ರ ಹಾಕವ್ವಾ” ಎಂದರು ಏಕಾಂತಯ್ಯ. “ಊರಿನ ಕಡೆದೂ ಹಾಕು.”

ಅಕ್ಷತಾ ಅವರ ಮುಖ ನೋಡಿದಳು. ಅವರು ತಲೆಯಾಡಿಸಿದರು. ಅವಳು ಇಡೀ ಚಿತ್ರವನ್ನು ಗೋಡೆಯ ಮೇಲೆ ತೆರೆದಳು. ಏಕಾಂತಯ್ಯ ನಿಧಾನಕ್ಕೆ ಮುಂದೆ ಬಂದು ಹುಣಸೆಮರದ ಪಕ್ಕ ಬೆರಳಿಟ್ಟರು.

“ಇಲ್ಲೊಂದು ಹೊಗೆ ಕಾಣ್ತದಲ್ಲ ಮೇಡಮ್ಮೋರೆ. ಅದು ನಾನೇ.”

ಅವರು ಹಸುವಿನ ವಿಷಯ ಹೇಳಿದರು, ಬೇಲಿಯ ವಿಷಯ ಹೇಳಿದರು, ಗಂಜಿಯ ವಿಷಯ ಹೇಳಿದರು. ಪಶು ಆಸ್ಪತ್ರೆಯ ಕಾರ್ಡನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಹದಿಮೂರು, ಫೆಬ್ರವರಿ 2024, ಹೆಣ್ಣು ಕರು. “ಊರೋರಿಗೆ ಸುಳ್ಳೇಳ್ದೆ, ಡಾಕ್ಟ್ರಿಗೆ ಸುಳ್ಳೇಳಕ್ಕಾಗ್ನಿಲ್ಲ. ಹೊರಬೀಡಿನ ದಿನ ಊರಲ್ಲಿ ಒಲೆ ಹಚ್ಚಿದೋನು ನಾನೊಬ್ನೇ. ನೇಮ ಮುರ್ದೋನು ಅಧ್ಯಕ್ಷನೇ. ಇವ್ರೆಲ್ಲರ ಮುಂದೆ ಹೇಳ್ತಿದೀನಿ.”

ಮೇಡಂ ಕಾರ್ಡನ್ನು ನೋಡಿದರು, ಹೊಗೆಯನ್ನು ನೋಡಿದರು, ಬೆವರುತ್ತಿದ್ದ ಆ ಮುದುಕರನ್ನು ನೋಡಿದರು. ಮರ್ಯಾದೆ ಉಳಿಸಿಕೊಳ್ಳಲು ಸುಳ್ಳು ಹೇಳುವವರನ್ನು ಅವರು ದಿನಾ ನೋಡುತ್ತಿದ್ದರು. ಇದ್ದ ಮರ್ಯಾದೆ ಕಳೆದುಕೊಳ್ಳಲು ಇಷ್ಟು ದೂರ ಬಸ್ಸಿನಲ್ಲಿ ಬಂದವರನ್ನು ನೋಡಿರಲಿಲ್ಲ.

“ಸರಿ” ಎಂದು ಅವರು ಪೆನ್ನು ತೆಗೆದು, ಹಳೆಯ ನಕ್ಷೆಯ ಸೀಗೆ ಕಾವಲಿನ ಕೆಂಪಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಹುಲ್ಲುಗಾವಲು, ಹಾಗೇ ಇರತಕ್ಕದ್ದು’ ಎಂದು ಬರೆದು ಸಹಿ ಹಾಕಿದರು. ರೇಣುಕಾಪ್ರಸಾದ್ ಜೋರಾಗಿ ಉಸಿರು ಬಿಟ್ಟರು. ಅಕ್ಷತಾಗೆ ಕುಣಿಯುವಷ್ಟು ಸಂತೋಷವಾಯಿತು, ಆದರೆ ಸರ್ಕಾರಿ ಕಚೇರಿ, ಕುಣಿಯಲಿಲ್ಲ.

ಏಕಾಂತಯ್ಯ ಮಾತ್ರ ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದರು. ಹಿಂದೆ ಕೂತಿದ್ದ ಊರಿನತ್ತ ತಿರುಗಲು ಅವರಿಗೆ ಧೈರ್ಯ ಸಾಲಲಿಲ್ಲ. ಅಣ್ಣಯ್ಯಪ್ಪ ಏನೋ ಹೇಳಲು ಬಾಯಿ ತೆರೆದ, ಓಬಳಮ್ಮ ಅವನ ಮೊಣಕೈಗೆ ತಿವಿದು ಎದ್ದು ಬಂದಳು.

“ಅಲ್ಲ ಏಕಾಂತಯ್ಯನೋರೆ, ಹಸ ನೋವು ತಿಂತಿರುವಾಗ ಬುಟ್ಟು ಬಂದು ಕಾಯಿ ಒಡುದಿದ್ರೆ, ಊರಮ್ಮ ನಿಮ್ಮ ಕೈಯಿಂದ ಈಸ್ಕೊತಿದ್ಲಾ?” ಎಂದಳು. “ಎಲ್ಡು ವರ್ಸ ಇದನ್ನ ಒಬ್ರೇ ಹೊತ್ಕೊಂಡು ತಿರುಗುದ್ರಲ್ಲ. ಒಂದ್ ಮಾತು ಹೇಳಿದ್ರೆ ನಾನೇ ಬಂದು ಗಂಜಿ ಕಾಯ್ಸಿ ಕೊಡ್ತಿರ್ನಿಲ್ವಾ?”

ಏಕಾಂತಯ್ಯ ತಿರುಗಿದರು. ಅವರ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಸೀಗೆಹಟ್ಟಿಯವರೆಲ್ಲ ಎದ್ದು, ನಡುವೆ ಖಾಲಿ ಬಿಟ್ಟಿದ್ದ ಆ ಎರಡು ಕುರ್ಚಿಗಳನ್ನು ದಾಟಿ ಅವರ ಹತ್ತಿರ ಬಂದರು.